ಪದಚರ್ಚೆ: ‘ಕರ್ಫ್’ಗೆ ಕನ್ನಡದಲ್ಲಿ ಏನು? ಹ್ಯಾಕ್ಸಾಗೆ?

ಎಲ್ಲರಿಗೂ ನಮಸ್ಕಾರ. ಮನೆಯ ವರ್ಕ್‌ಶಾಪಿನಲ್ಲಿ ಲೋಹ ಕೊಯ್ಯಲು ಯಾವುದಕ್ಕೆ ಯಾವ ಸಲಕರಣೆ ಎನ್ನುವ ಗೋಡೆಪಟ್ಟಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಲೋಹ ಕೊಯ್ಯುವ ಕೈಗರಗಸವಾದ ಹ್ಯಾಕ್ಸಾಗೆ ‘ಕಬ್ಬಿಣದ ಗರಗಸ’ ಎಂದರೆ ಕಬ್ಬಿಣದಿಂದ ಮಾಡಿದ್ದೋ, ಕಬ್ಬಿಣ ಕೊಯ್ಯುವುದೋ ಗೊತ್ತಾಗುವುದಿಲ್ಲ. ಇನ್ನೊಂದು ‘ಕರ್ಫ್’, ಅಂದರೆ ಬ್ಲೇಡು ಹಾದಲ್ಲಿ ಪುಡಿಯಾಗಿ ಹೋಗುವ ಅಗಲ. ಸದ್ಯಕ್ಕೆ ‘ಸೀಳು’ ಎಂದು ಬರೆದಿದ್ದೇನೆ. ವಾಕ್ಯ ಇದು: ‘2 ಮೀಟರ್ ಪೈಪಿನಲ್ಲಿ 200 ಮಿ.ಮೀ. ಉದ್ದದ 10 ತುಂಡು ಬೇಕೆಂದು ಪ್ರತಿ ಸಲವೂ ಕೊಯ್ದ ತುದಿಯಿಂದ ಅಳೆದು 9 ಸಲ ಕೊಯ್ದರೆ, 3 ಮಿ.ಮೀ. ಸೀಳಿನ ಲೆಕ್ಕದಲ್ಲಿ 27 ಮಿ.ಮೀ. ಹೋಗಿ ಕೊನೆಯ ತುಂಡು 173ಕ್ಕೆ ಇಳಿಯುತ್ತದೆ.’

—

‘ಸೀಳು’ ಬೇಡ. ಸೀಳುವುದು ಸೌದೆಯನ್ನು, ಅಲ್ಲಿ ಏನೂ ಕಳೆದುಹೋಗುವುದಿಲ್ಲ. ತಗಡು ಕತ್ತರಿಯಲ್ಲೂ ಹಾಗೆಯೇ, ಕರ್ಫ್ ಎಂಬುದೇ ಇಲ್ಲ. ‘ಕೊಯ್ತದ ಅಗಲ’ ಎನ್ನಿ. ‘ಬ್ಲೇಡಿನ ದಪ್ಪ’ ಎಂದು ಮಾತ್ರ ಬರೆಯಬೇಡಿ. ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಕೊಯ್ತ ಬ್ಲೇಡಿಗಿಂತ ಅಗಲ, ಇಲ್ಲವಾದರೆ ಬ್ಲೇಡು ಸಿಕ್ಕಿಕೊಳ್ಳುತ್ತದೆ. ಸವೆದ ಬ್ಲೇಡಿನ ಕೊಯ್ತ ಕಿರಿದಾಗುತ್ತ ಬರುತ್ತದೆ. ಅರ್ಧ ಕೊಯ್ದ ಮೇಲೆ ಹೊಸ ಬ್ಲೇಡು ಹಾಕಿ ಅದೇ ಗಾಯಕ್ಕೆ ಇಳಿಸಿದರೆ ಕಚ್ಚಿಕೊಂಡು ಮುರಿಯುತ್ತದೆ; ಎದುರು ಬದಿಯಿಂದ ಶುರುಮಾಡಬೇಕು. ಪಟ್ಟಿಯಲ್ಲಿ ಇದಿಲ್ಲದಿದ್ದರೆ ಸೇರಿಸಿ.

—

‘ಲೋಹಗರಗಸ’. ಮುಗಿಯಿತು. ಗರಗಸದಂಥ ಅಚ್ಚಗನ್ನಡ ಪದ ಕೈಯಲ್ಲಿರುವಾಗ ಹ್ಯಾಕ್ಸಾ ಯಾಕೆ?

—

> ಗರಗಸದಂಥ ಅಚ್ಚಗನ್ನಡ ಪದ

ಗರಗಸ ‘ಕ್ರಕಚ’ದ ತದ್ಭವ ಸ್ವಾಮಿ. ಅದಕ್ಕೆ ಲೋಹ ಅಂಟಿಸಿದರೆ ಅರಿಸಮಾಸ (ಸಂಸ್ಕೃತ-ಕನ್ನಡ ಬೆರಕೆಯ ಸಮಾಸ) ಬೇರೆ. ಅಚ್ಚಗನ್ನಡವೇ ಬೇಕಿದ್ದರೆ ‘ಅರ’ ಇದೆ. ಆದರೆ ಅದು ಉಜ್ಜುತ್ತದೆ, ಕೊಯ್ಯುವುದಿಲ್ಲ.

—

ಅರಿಸಮಾಸದ ಮಡಿಯನ್ನು ಗೋಡೆಪಟ್ಟಿಗೂ ತರಬೇಡಿ. ಗರಗಸ ಎಲ್ಲಿಂದ ಬಂದರೂ ನಮ್ಮ ಬಾಯಲ್ಲಿ ನುರಿತಿದೆ. ಹ್ಯಾಕ್ಸಾ ನುರಿತಿಲ್ಲ.

—

ನುರಿತಿದೆ. ಹಕಾರ ಉದುರಿ ‘ಆಕ್ಸಾ ಬ್ಲೇಡು’ ಆಗಿ, ಕೊನೆಗೆ ಉಕಾರವೂ ಹತ್ತಿದೆ. ಕ್ರಕಚಕ್ಕೆ ಆದದ್ದೂ ಇಂಥದ್ದೇ ತಾನೆ?

ಇದಕ್ಕಿಂತ ಮುಖ್ಯವಾದದ್ದು: ನೀವು ಮೊದಲು ಹಂಚಿದ ಕರಡಿನಲ್ಲಿ ‘ಹಲ್ಲಿನ ಸಂಖ್ಯೆ 24’ ಎಂದಿದೆ. ‘ಇಂಚಿಗೆ 24 ಹಲ್ಲು’ ಎಂದಾಗಬೇಕು. ದಪ್ಪ ಅಲ್ಯೂಮಿನಿಯಂಗೆ 18, ಸಾಮಾನ್ಯ ಕೆಲಸಕ್ಕೆ 24, ತೆಳು ತಗಡಿಗೆ, ತೆಳುಗೋಡೆಯ ಪೈಪಿಗೆ 32. ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಇರಬೇಕು. ಇಲ್ಲದಿದ್ದರೆ ತಗಡಿನ ಅಂಚು ಎರಡು ಹಲ್ಲಿನ ನಡುವೆ ಬಿದ್ದು ಹಲ್ಲೇ ಕಿತ್ತುಬರುತ್ತದೆ. ಬ್ಲೇಡು ಹಾಕುವ ಬಗ್ಗೆ ‘ಹಲ್ಲು ಮುಂದಕ್ಕೆ’ ಎಂಬುದೂ ಸಾಲದು. ಯಾರ ಮುಂದಕ್ಕೆ? ‘ಹಿಡಿಯಿಂದ ಆಚೆಗೆ’ ಎಂದು ಬರೆಯಿರಿ.

ಇನ್ನು ಗ್ರೈಂಡರಿನ ಸಾಲು. ಕೊಯ್ಯುವ ಕಟಿಂಗ್ ಡಿಸ್ಕ್, ಉಜ್ಜುವ ಗ್ರೈಂಡಿಂಗ್ ಡಿಸ್ಕ್ ಎರಡಕ್ಕೂ ‘ಸಾಣೆಗಾಲಿ’ ಎಂದಿದ್ದೀರಿ. ಇದು ಪದದ ತಪ್ಪಲ್ಲ, ಅಪಾಯ. 1 ಮಿ.ಮೀ.ನ ಕಟಿಂಗ್ ಡಿಸ್ಕಿನ ಪಕ್ಕವನ್ನು ಒತ್ತಿ ಉಜ್ಜಿದರೆ ಅದು ಸಿಡಿಯುತ್ತದೆ. ಓದುವವನು ಸಾಣೆ ಎಂದರೆ ಉಜ್ಜುವುದೆಂದೇ ತಿಳಿಯುತ್ತಾನೆ.

—

ಸಾಣೆಯೂ ಸಂಸ್ಕೃತದ ‘ಶಾಣ’ವೇ.

—

ಎಲ್ಲರಿಗೂ ವಂದನೆ. ‘ಹ್ಯಾಕ್ಸಾ’, ‘ಕೊಯ್ತದ ಅಗಲ’, ‘ಕೊಯ್ಯುವ ಡಿಸ್ಕ್’, ‘ಉಜ್ಜುವ ಡಿಸ್ಕ್’ ಎಂದಿಟ್ಟು ಅಚ್ಚಿಗೆ ಕಳಿಸಿದೆ.

—

ಡಿಸ್ಕಿಗೆ ‘ಬಿಲ್ಲೆ’ ಇತ್ತಲ್ಲ! ಇಷ್ಟು ಅವಸರ ಯಾಕೆ?