ಒಂಬತ್ತು ಅಡಿಯ ಪಾತ್ರ, ಹಾಳೆಯಲ್ಲಿ ಮೀಡಿಯಂ: ಈ ಜಗಳ ಬಗೆಹರಿಸುವುದು ಹೇಗೆ?

ಕದ್ರಿಗುಡ್ಡೆ (ಚರ್ಚೆ ಆರಂಭಿಸಿದವರು):
ಮೂರು ಶನಿವಾರಗಳಿಂದ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ (ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟ; ನಾನು ಅದರ ಜಿಎಂ, ಅಂದರೆ ಆಟ ನಡೆಸಿ ತೀರ್ಪು ಕೊಡುವವನು) ಒಂದೇ ಸುರಂಗದ ಬಾಯಿಯಲ್ಲಿ ನಿಂತುಬಿಟ್ಟಿದೆ. ಒಬ್ಬ ಆಟಗಾರ ತನ್ನ ಗೋಲಿಯಾತ್ (ದೈತ್ಯಕಾಯದ ಜನಾಂಗ) ಯೋಧನನ್ನು ಒಂಬತ್ತು ಅಡಿ ಎತ್ತರದವನೆಂದು ವರ್ಣಿಸುತ್ತಾನೆ. ಐದು ಅಡಿ ಅಗಲ, ಆರು ಅಡಿ ಎತ್ತರದ ಸುರಂಗದಲ್ಲಿ ಅಂಥವನು ಮೈ ಹಿಂಡಿಕೊಂಡೇ ಹೋಗಬೇಕಾಗುತ್ತದೆ, ಆದ್ದರಿಂದ ಅವನ ದಾಳಿಗಳಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಚಿಕ್ಕ ಅಂಕಿಯನ್ನು ಹಿಡಿಯುವುದು) ಎಂದು ನಾನು ತೀರ್ಪು ಕೊಟ್ಟೆ. ಪಾತ್ರದ ವಿವರ ಬರೆದ ಹಾಳೆಯಲ್ಲಿ ಮೀಡಿಯಂ (ಮನುಷ್ಯನ ಗಾತ್ರದ ವರ್ಗ) ಎಂದಿರುವಾಗ ವರ್ಣನೆಗೆ ದಂಡ ಹಾಕುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಅವನ ವಾದ. ಪಾತ್ರದ ಎತ್ತರಕ್ಕೆ ಮಿತಿ ಹಾಕುವ ನಿಯಮ ಯಾವ ಪುಟದಲ್ಲಿದೆ ಎಂದು ಯಾರಾದರೂ ತೋರಿಸಿಕೊಟ್ಟರೆ ನನಗೆ ಅಷ್ಟೇ ಸಾಕು.

ಸುರತ್ಕಲ್_ಡಿ20:
ಇದು ನೂರಕ್ಕೆ ನೂರು ಲಾರ್ಜ್ ಫಾರ್ಮ್ ಸಮಸ್ಯೆ. ಗೋಲಿಯಾತ್ ಐದನೇ ಲೆವೆಲ್‌ಗೆ ಬಂದಾಗ ಹತ್ತು ನಿಮಿಷಗಳ ಕಾಲ ಲಾರ್ಜ್ ಗಾತ್ರ ತಾಳಬಹುದು, ಒಮ್ಮೆ ಬಳಸಿದ ಮೇಲೆ ದೀರ್ಘ ವಿಶ್ರಾಂತಿ ಆಗುವವರೆಗೆ ಮತ್ತೆ ಬಳಸುವಂತಿಲ್ಲ. ನಿಮ್ಮ ಆಟಗಾರ ಅದನ್ನು ಇಡೀ ದಿನಕ್ಕೆ ಹಿಗ್ಗಿಸಿಕೊಂಡಿದ್ದಾನೆ. ಹತ್ತು ನಿಮಿಷದ ಲೆಕ್ಕ ಇಡಿ, ಜಗಳ ತಾನಾಗಿ ನಿಲ್ಲುತ್ತದೆ.

ಕದ್ರಿಗುಡ್ಡೆ:
ಪಾತ್ರ ಇರುವುದು ನಾಲ್ಕನೇ ಲೆವೆಲ್‌ನಲ್ಲಿ. ನಾವು ಆಡುವುದು 2014ರ ಐದನೇ ಆವೃತ್ತಿ, ಲಾರ್ಜ್ ಫಾರ್ಮ್ ಇರುವ 2024ರ ನಿಯಮವಲ್ಲ. ಚೌಕಗಳ ಗ್ರಿಡ್ ಹಾಳೆಯ ಮೇಲೆ ಆಡುತ್ತೇವೆ, ಒಂದು ಚೌಕವೆಂದರೆ ಐದಡಿ. ಇದನ್ನೆಲ್ಲ ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಸುರತ್ಕಲ್_ಡಿ20:
ಹಾಗಾದರೆ ಗೋಲಿಯಾತ್‌ಗಳ ಪವರ್‌ಫುಲ್ ಬಿಲ್ಡ್ ಎಂಬ ಗುಣ. ನಾನು ಹೇಳಿದ್ದು ಹೆಚ್ಚುಕಡಿಮೆ ಅದೇ. ಆ ಗುಣವಿರುವ ಪಾತ್ರವನ್ನು ಹೊರುವ, ತಳ್ಳುವ, ಎಳೆಯುವ, ಎತ್ತುವ ಲೆಕ್ಕಕ್ಕೆ ಮಾತ್ರ ಒಂದು ಗಾತ್ರ ದೊಡ್ಡದೆಂದು ಎಣಿಸುತ್ತಾರೆ. ಸ್ಟ್ರೆಂಗ್ತ್ (ಬಲದ ಅಂಕಿ) 18 ಇದ್ದರೆ ಹದಿನೈದರಿಂದ ಗುಣಿಸಿ 270 ಪೌಂಡ್, ಪವರ್‌ಫುಲ್ ಬಿಲ್ಡ್ ಸೇರಿದರೆ 540 ಪೌಂಡ್. ಈ ಒಂದು ಸಾಲನ್ನು ಓದಿದವರು ತಮ್ಮ ಪಾತ್ರ ಎಲ್ಲ ವಿಷಯಕ್ಕೂ ಲಾರ್ಜ್ ಎಂದುಕೊಳ್ಳುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಕದ್ರಿಗುಡ್ಡೆ:
ಅವನು ಈವರೆಗೆ ಭಾರದ ಮಾತೇ ಎತ್ತಿಲ್ಲ. ಇನ್ನೂ ಹೇಳಬೇಕೆಂದರೆ ತಾನು ಮೀಡಿಯಂ ಎಂದು ಹೇಳುತ್ತಿರುವವನು ಅವನೇ, ಲಾರ್ಜ್‌ನಂತೆ ನಡೆಸಿಕೊಂಡವನು ನಾನು. ದಯವಿಟ್ಟು ಪ್ರಶ್ನೆಯನ್ನು ಇನ್ನೊಮ್ಮೆ ಓದಿ ಮಾರಾಯ್ರೆ.

ಮಣಿಪಾಲ_ಚೌಕ:
ಬೇಸರಿಸಬೇಡಿ, ನಿಮ್ಮ ತೀರ್ಪೇ ನಿಯಮಕ್ಕೆ ಹೊಂದುವುದಿಲ್ಲ. ಮೀಡಿಯಂ ಪಾತ್ರಕ್ಕೆ ಐದಡಿಯ ಚೌಕವೆಂದರೆ ಅದು ಮೈಯ ಅಳತೆಯಲ್ಲ, ಕಾದಾಟದಲ್ಲಿ ಆ ಪಾತ್ರ ಹಿಡಿತದಲ್ಲಿಟ್ಟುಕೊಳ್ಳುವ ಜಾಗದ ಅಳತೆ. ಸ್ಮಾಲ್‌ಗೂ ಅದೇ ಐದಡಿ, ಲಾರ್ಜ್‌ಗೆ ಹತ್ತು, ಹ್ಯೂಜ್‌ಗೆ ಹದಿನೈದು. ತನ್ನ ಚೌಕಕ್ಕಿಂತ ಕಿರಿದಾದ ಜಾಗದಲ್ಲಿ, ಒಂದು ಗಾತ್ರ ಚಿಕ್ಕದಾದ ಪ್ರಾಣಿಗೆ ಸಾಲುವಷ್ಟು ಎಡೆಯಿದ್ದರೆ, ಮೈ ಹಿಂಡಿಕೊಂಡು ಹೋಗಬಹುದು. ಆಗ ಪ್ರತಿ ಅಡಿಗೆ ಇನ್ನೊಂದು ಅಡಿಯ ನಡಿಗೆ ಖರ್ಚಾಗುತ್ತದೆ, ಅವನ ದಾಳಿಗೂ ಡೆಕ್ಸ್‌ಟೆರಿಟಿ ಸೇವ್‌ಗೂ (ಚುರುಕಿನಿಂದ ಅಪಾಯ ತಪ್ಪಿಸಿಕೊಳ್ಳುವ ದಾಳ) ಡಿಸ್‌ಅಡ್ವಾಂಟೇಜ್, ಅವನ ಮೇಲೆ ಬೀಳುವ ದಾಳಿಗೆ ಅಡ್ವಾಂಟೇಜ್ (ಎರಡು ದಾಳಗಳಲ್ಲಿ ದೊಡ್ಡ ಅಂಕಿ). ಐದಡಿಯ ಸುರಂಗದಲ್ಲಿ ಈ ಪಾಡು ಬರುವುದು ಲಾರ್ಜ್ ಪ್ರಾಣಿಗೇ ಹೊರತು ಮೀಡಿಯಂ ಪಾತ್ರಕ್ಕಲ್ಲ. ಅಡಿಗಳಲ್ಲಿ ಬರೆದ ಎತ್ತರಕ್ಕೂ ನಿಯಮಕ್ಕೂ ಸಂಬಂಧವೇ ಇಲ್ಲ, ಆದ್ದರಿಂದ ಅವನು ಇಪ್ಪತ್ತು ಅಡಿ ಎಂದರೂ ನೀವು ನಕ್ಕು ಮುಂದೆ ಹೋಗಬಹುದು.

ಪಣಂಬೂರು_ಮಿನಿ:
ವರ್ಣನೆಗೆ ನಿಜವಾದ ಮಿತಿ ಹಾಕುವುದು ಮೇಜಿನ ಮೇಲಿರುವ ಗೊಂಬೆ. 28 ಮಿಲಿಮೀಟರ್ ಅಳತೆಯಲ್ಲಿ ಆರಡಿಯ ಮನುಷ್ಯ 28 ಮಿ.ಮೀ. ನಿಂತರೆ ಒಂಬತ್ತು ಅಡಿಯವನು 42 ಮಿ.ಮೀ. ಆಗುತ್ತಾನೆ. ಅಷ್ಟುದ್ದದ ಗೊಂಬೆ ಒಂದು ಚೌಕ ಹಿಡಿಯುವ 25 ಮಿ.ಮೀ. ಬೇಸ್‌ನ ಮೇಲೆ ನಿಲ್ಲದೆ ವಾಲುತ್ತದೆ. 50 ಮಿ.ಮೀ. ಬೇಸ್ ಕೊಟ್ಟರೆ ಅದು ನಾಲ್ಕು ಚೌಕ ಹಿಡಿಯುತ್ತದೆ, ಅಂದರೆ ಲಾರ್ಜ್ ಆಗಿಬಿಡುತ್ತದೆ. ನಾನು ಮನೆಯಲ್ಲೇ ಪ್ರಿಂಟ್ ಮಾಡಿ ನೋಡಿದ್ದೇನೆ.

ಮಣಿಪಾಲ_ಚೌಕ:
28 ಮಿ.ಮೀ. ಅಳೆಯುವುದು ಪಾದದಿಂದ ಕಣ್ಣಿನವರೆಗೆ, ನೆತ್ತಿಯವರೆಗಲ್ಲ. ನಿಮ್ಮ 42ರ ಲೆಕ್ಕ ಅಲ್ಲಿಗೆ ಕೆಟ್ಟಿತು.

ಪಣಂಬೂರು_ಮಿನಿ:
ಕಣ್ಣಿನವರೆಗೆ ಎಂಬುದು ಒಂದು ಗುಂಪಿನ ರೂಢಿ. ನೆತ್ತಿಯವರೆಗೆ ಅಳೆಯುವವರೂ ಇದ್ದಾರೆ, ತಯಾರಕರಲ್ಲೇ ಒಮ್ಮತವಿಲ್ಲ. ನನ್ನ ಹಲಸಿನ ಮರದ ಮೇಜಿಗೆ ಗಾಜು ಹಾಕಿಸಿ, ಅದರಡಿಯಲ್ಲಿ ಹಳೆಯ ಟಿವಿಯನ್ನು ಮಲಗಿಸಿ ನಕ್ಷೆ ತೋರಿಸುತ್ತೇನೆ. ಅಲ್ಲಿ ಒಂದಂಗುಲದ ಚೌಕ ಎಂದರೆ ಸರಿಯಾಗಿ ಒಂದಂಗುಲ. ಹಾಳೆಯ ಮೇಲೆ ಆಡುವವರಿಗೆ ಈ ಸೂಕ್ಷ್ಮ ಅರ್ಥವಾಗದಿದ್ದರೆ ಅಚ್ಚರಿಯಿಲ್ಲ.

ಮಣಿಪಾಲ_ಚೌಕ:
ಮಳೆಗಾಲದಲ್ಲಿ ಕರೆಂಟು ಹೋದಾಗ ನಿಮ್ಮ ಅಂಗುಲ ಎಷ್ಟಾಗುತ್ತದೆ ಎಂಬುದನ್ನೂ ತಿಳಿಸಿ.

ಬಡಗುಪೇಟೆ:
ಗೊಂಬೆಯ ಕಣ್ಣು ನೆತ್ತಿಗಳನ್ನು ಬದಿಗಿಡೋಣ. ಎತ್ತರಕ್ಕೂ ನಿಯಮಕ್ಕೂ ಸಂಬಂಧವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2014ರ ನಿಯಮದಲ್ಲಿ ಎತ್ತರಕ್ಕೆ ಹಾರುವಾಗ ಕೈ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ, ಹಾರಿದ ಅಡಿಗಳಿಗೆ ಪಾತ್ರದ ಎತ್ತರದ ಒಂದೂವರೆ ಪಟ್ಟನ್ನು ಕೂಡಿಸುತ್ತಾರೆ. ಚೌಕಗಳ ಲೆಕ್ಕದಲ್ಲಿ ಎಲ್ಲೂ ಕಾಣದ ಎತ್ತರ ಅಲ್ಲಿ ಮಾತ್ರ ಸದ್ದಿಲ್ಲದೆ ಅಂಕಿಯಾಗುತ್ತದೆ. ಕದ್ರಿಗುಡ್ಡೆಯವರೇ, ನನ್ನವು ಎರಡು ಪ್ರಶ್ನೆಗಳು. ಸುರಂಗಕ್ಕೆ ಬರುವ ಮೊದಲು ಆ ಒಂಬತ್ತು ಅಡಿಯಿಂದ ಅವನಿಗೆ ಏನಾದರೂ ಲಾಭವಾಗಿತ್ತೇ? ಒಂಬತ್ತು ಎಂಬ ಅಂಕಿಯನ್ನು ಹಾಳೆಯಲ್ಲಿ ಬರೆದವರು ಯಾರು?

ಕದ್ರಿಗುಡ್ಡೆ:
ಈ ಪ್ರಶ್ನೆ ಬರಬಾರದಿತ್ತು ಎಂದುಕೊಂಡಿದ್ದೆ. ಮೊದಲ ದಿನ ಅವನು ಎಂಟಡಿ ಎಂದಿದ್ದ, ಕೇಳುವುದಕ್ಕೆ ಚೆನ್ನಾಗಿರುತ್ತದೆಂದು ಒಂಬತ್ತು ಮಾಡಿದವನು ನಾನೇ. ಸುರಂಗಕ್ಕಿಂತ ಎರಡು ವಾರ ಮೊದಲು ಗೋಪುರದಲ್ಲಿ ಇಪ್ಪತ್ತು ಅಡಿ ಮೇಲೆ ತೂಗುವ ಗಂಟೆಯ ಹಗ್ಗವನ್ನು ಅವನು ಓಡಿ ಬಂದು ಹಾರಿ ಹಿಡಿದ. ಸ್ಟ್ರೆಂಗ್ತ್ 18, ಹಾಗಾಗಿ ನಿಯಮದ ಮೂರಡಿಗೆ ಆ ಬಲದಿಂದ ಸಿಗುವ ನಾಲ್ಕು ಸೇರಿ ಏಳಡಿ ಹಾರಿದ, ಒಂಬತ್ತರ ಒಂದೂವರೆ ಪಟ್ಟು ಹದಿಮೂರೂವರೆ, ಒಟ್ಟು ಇಪ್ಪತ್ತೂವರೆ. ಉಳಿದವರೆಲ್ಲ ಚಪ್ಪಾಳೆ ತಟ್ಟಿದ್ದರು, ನಾನೂ ತಟ್ಟಿದ್ದೆ.

ಬಡಗುಪೇಟೆ:
ಅವನು ಹೇಳಿದ ಎಂಟಡಿಯನ್ನೇ ಉಳಿಸಿದ್ದರೆ ಏಳಕ್ಕೆ ಹನ್ನೆರಡು ಕೂಡಿ ಹತ್ತೊಂಬತ್ತು ಆಗುತ್ತಿತ್ತು, ಹಗ್ಗ ಕೈಗೆ ಸಿಗುತ್ತಿರಲಿಲ್ಲ. ಗೋಲಿಯಾತ್‌ಗಳ ಎತ್ತರವನ್ನು ಪುಸ್ತಕ ಏಳರಿಂದ ಎಂಟು ಅಡಿ ಎನ್ನುತ್ತದೆ, ನೀವು ಕೇಳಿದ ಪುಟ ಅದೇ. ಅದನ್ನು ಮೀರುವುದು ತಪ್ಪಲ್ಲ, ಆದರೆ ಗೋಪುರದಲ್ಲಿ ಎತ್ತರವನ್ನು ನಿಜವೆಂದು ಎಣಿಸಿದ ಮೇಲೆ ಸುರಂಗದಲ್ಲಿ ಅದು ಬರಿಯ ವರ್ಣನೆ ಎಂದು ಅವನು ವಾದಿಸುವುದು ಹೇಗೆ ಸಲ್ಲದೋ, ಆರಡಿಯ ಚಾವಣಿಯ ಕಷ್ಟವನ್ನು ಅಗಲದ ನಿಯಮದ ತಲೆಗೆ ಕಟ್ಟಿ ನೀವು ದಂಡ ಹಾಕಿದ್ದೂ ಹಾಗೆಯೇ ಸಲ್ಲದು. ಏಳೂವರೆ ಅಡಿಯ ಗೋಲಿಯಾತ್ ಕೂಡ ಆ ಸುರಂಗದಲ್ಲಿ ಬಗ್ಗಿಯೇ ನಡೆಯಬೇಕಾಗಿತ್ತಲ್ಲವೇ? ಅವನಿಗೂ ನೀವು ಇದೇ ದಂಡ ಹಾಕುತ್ತಿದ್ದಿರೇ?

ಯಕ್ಷಗಾನವನ್ನು ನೆನಪಿಸಿಕೊಳ್ಳಿ. ಐದೂವರೆ ಅಡಿಯ ಕಲಾವಿದ ಮಹಿಷಾಸುರನಾಗಿ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಬರುವಾಗ, ನಮ್ಮ ಕಣ್ಣಿಗೆ ಅವನ ಎತ್ತರಕ್ಕೆ ಲೆಕ್ಕವಿರುವುದಿಲ್ಲ. ಆದರೂ ಅವನು ನಿಲ್ಲುವುದು ಎಲ್ಲರಷ್ಟೇ ಜಾಗದಲ್ಲಿ, ಚಪ್ಪರ ತಗ್ಗಾಗಿದ್ದರೆ ಕಿರೀಟ ತಾಗದಂತೆ ಬಗ್ಗುವವನೂ ಅವನೇ. ನಿಮ್ಮ ಆಟದಲ್ಲೂ ವರ್ಣನೆಯನ್ನು ಹಾಗೆಯೇ ಬಿಡಬಹುದು. ಹಾರುವ ಲೆಕ್ಕಕ್ಕೆ ಎಂಟಡಿ ಎಂದು ಇಬ್ಬರೂ ಒಪ್ಪಿಕೊಳ್ಳಿ. ಚಾವಣಿ ತಗ್ಗಾಗಿರುವಲ್ಲಿ ಅವನು ತಾನಾಗಿಯೇ ತೊಂದರೆ ಒಪ್ಪಿಕೊಂಡರೆ ಇನ್ಸ್‌ಪಿರೇಷನ್ (ಮುಂದೆ ಒಂದು ದಾಳಕ್ಕೆ ಅಡ್ವಾಂಟೇಜ್ ಕೊಡುವ ಬಹುಮಾನ) ಕೊಡಿ. ಫೇಟ್ ಎಂಬ ಇಂಥದೇ ಇನ್ನೊಂದು ಆಟದಲ್ಲಿ ಪಾತ್ರದ ಆಸ್ಪೆಕ್ಟ್ (ಪಾತ್ರವನ್ನು ಬಣ್ಣಿಸುವ ಚಿಕ್ಕ ನುಡಿ) ಆಟಗಾರನ ಕೈಗೂ ಜಿಎಂ ಕೈಗೂ ಸಿಗುತ್ತದೆ, ತೊಂದರೆ ಒಪ್ಪಿದವನಿಗೆ ಮುಂದೆ ಖರ್ಚು ಮಾಡಬಹುದಾದ ಫೇಟ್ ಪಾಯಿಂಟ್ ಬರುತ್ತದೆ. ನಾನು ಹೇಳುತ್ತಿರುವುದು ಅಲ್ಲಿಂದ ಪಡೆದ ಉಪಾಯ.

ಸುರತ್ಕಲ್_ಡಿ20:
ಪಾತ್‌ಫೈಂಡರ್ ಎಂಬ ಇಂಥದೇ ಆಟದ ಎರಡನೇ ಆವೃತ್ತಿಗೆ ಬಂದರೆ ಮಿನೋಟಾರ್ ಪಾತ್ರವನ್ನೇ ಲಾರ್ಜ್ ಗಾತ್ರದಲ್ಲಿ ಆಡಬಹುದು. ಆದರೂ ಅವನು ಪವರ್‌ಫುಲ್ ಬಿಲ್ಡ್ ಸಾಲನ್ನು ತಪ್ಪಾಗಿ ಓದಿದ್ದಾನೆ ಎಂಬ ನನ್ನ ಅನುಮಾನ ಹೋಗಿಲ್ಲ.

ಆ_ಗೋಲಿಯಾತ್:
ಆ ಆಟಗಾರ ನಾನೇ. ಪವರ್‌ಫುಲ್ ಬಿಲ್ಡ್ ಸಾಲನ್ನು ನಾನು ಸರಿಯಾಗಿಯೇ ಓದಿದ್ದೇನೆ. ನನಗೆ ಬೇಕಾಗಿದ್ದದ್ದು ಬಾಗಿಲಲ್ಲಿ ನಿಂತಾಗ ಒಳಗಿನವರು ಒಂದು ಕ್ಷಣ ಮಾತು ನಿಲ್ಲಿಸುವಂಥ ಪ್ರವೇಶ ಮಾತ್ರ. ಹಾರುವ ಲೆಕ್ಕಕ್ಕೆ ಎಂಟಡಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಚಾವಣಿ ಆರಡಿ ಎಂಬುದನ್ನು ನಾನು ಒಳಗೆ ಹೆಜ್ಜೆಯಿಟ್ಟು, ಶತ್ರು ಎದುರಾಗಿ, ದಾಳ ಕೈಯಲ್ಲಿ ಹಿಡಿದ ಮೇಲೆ ನಮ್ಮ ಜಿಎಂ ಹೇಳಿದ್ದು ಎಂಬುದನ್ನು ಇಲ್ಲಿ ಯಾರೂ ಕೇಳಿಲ್ಲ.

ಕದ್ರಿಗುಡ್ಡೆ:
ಅದೂ ನಿಜ. ಡಿಸ್‌ಅಡ್ವಾಂಟೇಜ್ ಹಿಂದಕ್ಕೆ ಪಡೆದಿದ್ದೇನೆ, ಈ ಶನಿವಾರ ಅದೇ ಸುರಂಗದ ಬಾಯಿಯಿಂದ ಮತ್ತೆ ಆರಂಭಿಸೋಣ. ಗಂಟೆ ಬಾರಿಸಿ ಆಗಿದೆ, ಅದನ್ನು ಮುಟ್ಟುವುದಿಲ್ಲ.

ಪಣಂಬೂರು_ಮಿನಿ:
ಗೊಂಬೆ ಬೇಕಿದ್ದರೆ ಎಂಟಡಿಗೆ ಪ್ರಿಂಟ್ ಮಾಡಲೋ, ಒಂಬತ್ತಕ್ಕೋ?