ಕಾಯಿಲೆ ಮರಳಿದ ಗೆಳತಿಯೊಂದಿಗೆ ಮೊದಲಿನಂತೆ ನಗೆಮಾತು ಆಡಬಹುದೇ?

ಪ್ರಶ್ನೆ: ತುಮಕೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲವನ್ನೂ ಮುಗಿಸಿ ಈಗ ಕಾಯಿಲೆ ಮರಳದಿರಲೆಂದು ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದೇನೆ. ನಾನು ಕೇಳಬೇಕೆಂದಿರುವುದು ಗೆಳೆತನದ ವಿಷಯ. ಇದನ್ನು ಮನೆಯಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನಲ್ಲಿ 21 ದಿನಗಳಿಗೊಮ್ಮೆ ಒಂದೇ ದಿನ ಸರದಿ ಬರುತ್ತಿದ್ದುದರಿಂದ ನಾವು ಐದು ಜನ ಹೆಂಗಸರು ಪರಿಚಿತರಾದೆವು. ಚಿಕ್ಕಬಳ್ಳಾಪುರದ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು, ಅವರನ್ನು ನಾವೆಲ್ಲ ಟೀಚರಮ್ಮ ಎಂದೇ ಕರೆಯುವುದು, ಹೂವಿನ ವ್ಯಾಪಾರ ಮಾಡುವ ಅಕ್ಕ, ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು, ಇನ್ನೂ 32 ದಾಟದ ಒಬ್ಬ ಹುಡುಗಿ, ಮತ್ತೆ ನಾನು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿಗೆ ಹೂವಿನಕ್ಕ ‘ಕೆಂಪು ಶರಬತ್ತು’ ಎಂದು ಹೆಸರಿಟ್ಟ ದಿನ ಆ ವಾರ್ಡಿನಲ್ಲಿ ಮೊದಲ ಬಾರಿಗೆ ನಕ್ಕೆ. ಆಮೇಲೆ ವಾಟ್ಸ್ಯಾಪಿನಲ್ಲಿ ಒಂದು ಗುಂಪಾಯಿತು. ಯಾರ ರಕ್ತಕಣಗಳ ಕೌಂಟ್ ಕಡಿಮೆ ಬಂದು ಕಿಮೋ ಮುಂದೆ ಹೋಯಿತು, ಯಾರಿಗೆ ಉಪ್ಪಿಟ್ಟಿನ ರುಚಿ ಮರಳಿ ಬಂತು, ಗೃಹಪ್ರವೇಶಕ್ಕೆ ಹೋಗುವಾಗ ಇಲ್ಲದ ಹುಬ್ಬನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು ಹೇಗೆ, ಒಂದು ಕಡೆ ತಗ್ಗಾದ ರವಿಕೆಗೆ ಹತ್ತಿಯ ಬದಲು ಸಾಸಿವೆ ತುಂಬಿದ ಮೆತ್ತೆ ಇಟ್ಟರೆ ಸೆರಗು ಜಾರದೆ ನಿಲ್ಲುತ್ತದೆಯೇ, ಹೀಗೆ ದಿನವಿಡೀ ಮಾತು. ಹುಡುಗಿಗೆ ಮೊದಲ ಸಲ ಕೂದಲು ಚಿಗುರಿದಾಗ ತಲೆಯ ಫೋಟೊ ಹಾಕಿದ್ದಳು. ಟೀಚರಮ್ಮ ಅದನ್ನು ನೋಡಿ, ಮಳೆ ಬಿದ್ದ ಮೂರನೆಯ ದಿನದ ಗರಿಕೆ ಎಂದು ಬರೆದಿದ್ದರು. ನಮ್ಮ ಕಾಗುಣಿತದ ತಪ್ಪುಗಳನ್ನು ತಿದ್ದುವ ಕೆಲಸವೂ ಅವರದೇ ಆಗಿತ್ತು.

ಎರಡು ತಿಂಗಳ ಹಿಂದೆ ಟೀಚರಮ್ಮನವರ ಕಾಯಿಲೆ ಬೆನ್ನುಮೂಳೆಗೆ ಹರಡಿದೆ ಎಂದು ಸ್ಕ್ಯಾನಿನಲ್ಲಿ ತಿಳಿಯಿತು. ಆ ಸುದ್ದಿಯನ್ನು ಅವರೇ ಒಂದು ಸಾಲಿನಲ್ಲಿ ಬರೆದರು, ಅಷ್ಟೇ. ಅಂದಿನಿಂದ ಎಲ್ಲವನ್ನೂ ಓದುತ್ತಾರೆ, ನೀಲಿ ಗುರುತು ಬೀಳುತ್ತದೆ, ಆದರೆ ಏನೂ ಬರೆಯುವುದಿಲ್ಲ. ಹಬ್ಬದ ದಿನ ಹೂವಿನಕ್ಕ ‘ಶುಭಾಷಯಗಳು’ ಎಂದು ಬರೆದುದು ತಿದ್ದುಪಡಿಯಿಲ್ಲದೆ ಹಾಗೆಯೇ ಉಳಿದಾಗ ನಮಗೆಲ್ಲ ಹೊಟ್ಟೆಯಲ್ಲಿ ಸಂಕಟವಾಯಿತು. ಅವರೆದುರು ನಗೆಮಾತು ಆಡುವುದು ತಪ್ಪೆಂದು ಹುಡುಗಿ ಅತ್ತಳು. ಕೊನೆಗೆ ಉಳಿದ ನಾಲ್ವರೂ ಸೇರಿ ಟೀಚರಮ್ಮ ಇಲ್ಲದ ಇನ್ನೊಂದು ಗುಂಪು ಮಾಡಿಕೊಂಡೆವು. ಈಗ ಹರಟೆಯೆಲ್ಲ ಅಲ್ಲಿ. ಹಳೆಯ ಗುಂಪಿನಲ್ಲಿ ದೇವರ ಚಿತ್ರ ಮತ್ತು ‘ಬೇಗ ಗುಣಮುಖರಾಗಿ’ ಎಂಬ ಹಾರೈಕೆ ಮಾತ್ರ. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ, ಆದರೆ ಬೇರೆ ದಾರಿಯೂ ತೋಚುತ್ತಿಲ್ಲ. ಇಂಥ ಕಾಯಿಲೆ ಇಟ್ಟುಕೊಂಡು ನಗುವುದಾದರೂ ಏತಕ್ಕೆ ಎಂದು ನನ್ನ ನಾದಿನಿ ಕೇಳುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ: ಟೀಚರಮ್ಮನವರೊಂದಿಗೆ ಮೊದಲಿನಂತೆಯೇ ಮಾತಾಡಬಹುದೇ? ಹೇಗೆ ಆರಂಭಿಸಲಿ?

ಉತ್ತರ: ಶಿವಮೊಗ್ಗದಿಂದ

ತಂಗಿ, ನಾನು ನಿಮ್ಮ ಟೀಚರಮ್ಮನವರ ಜಾಗದಲ್ಲಿ ಇರುವವಳು. ಕಾಯಿಲೆ ಮೂಳೆಗೆ ಹರಡಿ ನಾಲ್ಕು ವರ್ಷವಾಯಿತು. ಮೂರು ವಾರ ಮಾತ್ರೆ, ಒಂದು ವಾರ ಬಿಡುವು, ನಡುವೆ ಮೂಳೆ ಗಟ್ಟಿಯಾಗಲು ಇಂಜೆಕ್ಷನ್. ಹೀಗೆ ದಿನ ಸಾಗುತ್ತಿದೆ. ಆದ್ದರಿಂದ ಸ್ವಲ್ಪ ನಿಷ್ಠುರವಾಗಿ ಹೇಳಿದರೆ ಬೇಸರಿಸಬೇಡಿ.

ಹರಡಿದೆ ಎಂದು ಡಾಕ್ಟರು ಹೇಳಿದ ದಿನಕ್ಕಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಅದರ ನಂತರದ ತಿಂಗಳು. ಮೊದಲು ಅಡುಗೆಮನೆಗೇ ನುಗ್ಗಿ ಡಬ್ಬಿ ತೆಗೆದು ಚಕ್ಕುಲಿ ತಿನ್ನುತ್ತಿದ್ದ ಗೆಳತಿಯರು ಎಳನೀರು ಹಿಡಿದು ಬಂದು, ಸಾವಿನ ಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕುಳಿತರು. ಯಾರೂ ನನ್ನೊಡನೆ ಜಗಳವಾಡಲಿಲ್ಲ, ಸೊಸೆಯ ಮೇಲೆ ದೂರು ಹೇಳಲಿಲ್ಲ, ಉಪ್ಪಿನಕಾಯಿಗೆ ಎಷ್ಟು ಉಪ್ಪು ಎಂದು ಕೇಳಲಿಲ್ಲ. ನಾನು ಇನ್ನೂ ಇದ್ದೆ, ಆದರೆ ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ನಿಮ್ಮ ಎರಡನೆಯ ಗುಂಪಿನ ವಿಷಯ ಓದಿದಾಗ ಆ ತಿಂಗಳು ನೆನಪಾಯಿತು. ನೀವು ಪ್ರೀತಿಯಿಂದಲೇ ಮಾಡಿದ್ದೀರಿ, ಅದು ಅರ್ಥವಾಗುತ್ತದೆ. ಆದರೂ ಹಳೆಯ ಗುಂಪಿನಲ್ಲಿ ಒಮ್ಮಿಂದೊಮ್ಮೆಗೆ ಹರಟೆ ನಿಂತು ದೇವರ ಚಿತ್ರಗಳು ಬರತೊಡಗಿದರೆ, ಅದರ ಅರ್ಥವೇನೆಂದು ವರ್ಷಗಟ್ಟಲೆ ತರಗತಿ ನಡೆಸಿದವರಿಗೆ ತಿಳಿಯದೇ?

ಹೇಗೆ ಆರಂಭಿಸಬೇಕೆಂದು ಕೇಳಿದ್ದೀರಿ. ‘ಹೇಗಿದ್ದೀರಿ’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ನಿಜ ಹೇಳಿದರೆ ನೀವು ನೊಂದುಕೊಳ್ಳುತ್ತೀರಿ, ಸುಳ್ಳು ಹೇಳಿದರೆ ನಮಗೆ ಸುಸ್ತಾಗುತ್ತದೆ. ಅವರೊಬ್ಬರಿಗೇ ಬರೆದು, ಅವರಿಂದ ಮಾತ್ರ ಆಗುವಂಥ ಒಂದು ಕೆಲಸ ಹೇಳಿ. ಮಗಳ ಭಾಷಣ ತಿದ್ದಿಕೊಡಬೇಕೆಂದಾಗಲಿ, ಮದುವೆಯ ಪತ್ರಿಕೆಯ ಒಕ್ಕಣೆ ಸರಿಯಿದೆಯೇ ನೋಡಬೇಕೆಂದಾಗಲಿ ಕೇಳಿ. ನನ್ನ ಗೆಳತಿಯೊಬ್ಬಳು ಕೇಳಿದ್ದು ಒಂದೆಲಗದ ತಂಬುಳಿಗೆ ಜೀರಿಗೆಯನ್ನು ಹುರಿದು ಹಾಕುವುದೋ ಹಸಿಯಾಗಿಯೋ ಎಂದು. ಅವಳಿಗೆ ಅದು ಖಂಡಿತ ಗೊತ್ತಿತ್ತು. ನಾನು ಎರಡು ಪುಟ ಉತ್ತರ ಬರೆದೆ.

ಒಂದೇ ಒಂದು ವಿಷಯದಲ್ಲಿ ಎಚ್ಚರವಿರಲಿ. ‘ಗೆದ್ದೆವು’, ‘ಹೋರಾಡಿ ಸೋಲಿಸಿದೆವು’, ‘ಎಲ್ಲ ಮುಗಿಯಿತು’ ಎಂಬ ಮಾತುಗಳು ನನ್ನಂಥವರಿಗೆ ಚುಚ್ಚುತ್ತವೆ. ನನ್ನ ಚಿಕಿತ್ಸೆಗೆ ಕೊನೆಯ ದಿನವೆಂಬುದಿಲ್ಲ. ಔಷಧಿ ಕೆಲಸ ಮಾಡುವವರೆಗೆ ಅದು ನಡೆಯುತ್ತಲೇ ಇರುತ್ತದೆ. ಉಳಿದಂತೆ ಹುಬ್ಬು, ರವಿಕೆ, ಸಾಸಿವೆ ಮೆತ್ತೆ, ಯಾವುದನ್ನೂ ಮುಚ್ಚಿಡಬೇಡಿ.

ಉತ್ತರ: ಗದಗದ ಅಕ್ಕ

ಶಿವಮೊಗ್ಗದ ಅಕ್ಕನವರ ಮಾತನ್ನು ಅಕ್ಷರಶಃ ಒಪ್ಪುತ್ತೇನೆ. ನಿಮ್ಮ ನಾದಿನಿಯವರ ಪ್ರಶ್ನೆಗೆ ನನ್ನ ಅನುಭವವನ್ನಷ್ಟೇ ಹೇಳಬಲ್ಲೆ.

ನಾನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 25 ಸಿಟ್ಟಿಂಗ್ ರೇಡಿಯೇಷನ್ ತೆಗೆದುಕೊಂಡೆ. ಸೋಮವಾರದಿಂದ ಶುಕ್ರವಾರದವರೆಗೆ, ಒಟ್ಟು ಐದು ವಾರ, ಧರ್ಮಶಾಲೆಯಲ್ಲಿ ವಾಸ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ದಿನವೆಲ್ಲ ಖಾಲಿ. ರಾಯಚೂರಿನವರು, ಕೋಲಾರದವರು, ಗಡಿಯಾಚೆಯ ತೆಲುಗಿನವರು, ಎಲ್ಲರ ಎದೆಯ ಮೇಲೂ ಅಳಿಸಬಾರದ ಅದೇ ಶಾಯಿಯ ಗೆರೆಗಳು. ಆಪರೇಷನ್ ಆದ ಕಡೆಯ ತೋಳು ಮೇಲೇಳದಿದ್ದರೆ ಯಂತ್ರದ ಕೆಳಗೆ ಕೈಯೆತ್ತಿ ಮಲಗುವುದು ಕಷ್ಟ. ಅದಕ್ಕಾಗಿ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲೆ ಮೇಲೆ ನಡೆಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಒಬ್ಬೊಬ್ಬಳೇ ಮಾಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ರಾಯಚೂರಿನ ಅಕ್ಕ ತನ್ನ ಹಣೆಯ ಟಿಕಳಿ ಕಿತ್ತು, ಬೆರಳು ಮುಟ್ಟಿದ ಎತ್ತರದಲ್ಲಿ ಗೋಡೆಗೆ ಅಂಟಿಸಿದಳು. ಮರುದಿನ ನಾನು ನನ್ನ ಹಸಿರು ಟಿಕಳಿ ಅಂಟಿಸಿದೆ. ವಾರದೊಳಗೆ ಆ ಗೋಡೆಯ ಮೇಲೆ ಕೆಂಪು, ಹಸಿರು, ಕಪ್ಪು ಟಿಕಳಿಗಳ ಏಣಿಯೇ ಎದ್ದಿತು. ನಿನ್ನೆಗಿಂತ ಅರ್ಧ ಗೇಣು ಮೇಲೆ ಹೋದವಳು ಆ ರಾತ್ರಿ ಎಲ್ಲರಿಗೂ ಶೇಂಗಾ ಚಟ್ನಿ ಬಡಿಸಬೇಕೆಂಬ ನೇಮವಾಯಿತು. ನಕ್ಕು ನಕ್ಕು ತೋಳು ಎತ್ತಿದೆವು. ಅಲ್ಲಿ ನಗದೆ ಇದ್ದಿದ್ದರೆ ನನ್ನ ತೋಳು ಇಂದಿಗೂ ಭುಜದ ಮಟ್ಟದಲ್ಲೇ ನಿಂತಿರುತ್ತಿತ್ತೆಂದು ನನ್ನ ನಂಬಿಕೆ.

ಹಾಗೆಂದು ಎಲ್ಲ ದಿನವೂ ಒಂದೇ ತರಹ ಇರುವುದಿಲ್ಲ. ನಮ್ಮ ಗುಂಪಿನಲ್ಲಿ ಯಾರಾದರೂ ‘ಇವತ್ತ ಬ್ಯಾಡ’ ಎಂದು ಬರೆದರೆ ಅಂದು ಅವರಿಂದ ಉತ್ತರ ನಿರೀಕ್ಷಿಸುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಆದರೆ ಹರಟೆ ನಿಲ್ಲಿಸುವುದೂ ಇಲ್ಲ. ಕೊನೆಯ ದಿನಗಳಲ್ಲಿ ರಾಯಚೂರಿನ ಅಕ್ಕ ಎರಡು ತಿಂಗಳು ಬಹುತೇಕ ದಿನ ಆ ಎರಡೇ ಪದ ಬರೆಯುತ್ತಿದ್ದಳು. ಅವಳ ಮಗ ಆಮೇಲೆ ಹೇಳಿದ್ದು: ಅವ್ವ ರಾತ್ರಿ ನಮ್ಮ ಮಾತುಗಳನ್ನು ಓದಿಸಿಕೊಂಡೇ ಮಲಗುತ್ತಿದ್ದಳಂತೆ.

ಉತ್ತರ: ಕ್ಯಾನ್ಸರ್ ವಾರ್ಡಿನ ನರ್ಸ್, ಮಂಗಳೂರು

ಈ ವಿಷಯದಲ್ಲಿ ವೈದ್ಯಲೋಕ ಪರೀಕ್ಷಿಸಿ ನೋಡಿದ್ದನ್ನು ತಿಳಿಸುವುದು ಉಪಯುಕ್ತವಾಗಬಹುದು. ಅಮೆರಿಕದ ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಅಧ್ಯಯನವನ್ನು 1989ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಮಾತಾಡುತ್ತಿದ್ದ ಗುಂಪಿನವರು ಉಳಿದವರಿಗಿಂತ ಸರಾಸರಿ 18 ತಿಂಗಳು ಹೆಚ್ಚು ಬದುಕಿದರೆಂದು ಅದರಲ್ಲಿ ಕಂಡುಬಂದಿತ್ತು. ಅದು ನಿಜವೇ ಎಂದು ಕೆನಡಾದಲ್ಲಿ ಪಮೇಲಾ ಗುಡ್‌ವಿನ್ ಅವರ ತಂಡ 235 ಮಹಿಳೆಯರೊಂದಿಗೆ ಮತ್ತೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆಯುಷ್ಯದ ವ್ಯತ್ಯಾಸ ಕಾಣಲಿಲ್ಲ. ಆದರೆ ಗುಂಪಿನಲ್ಲಿದ್ದವರ ಮನಸ್ಸಿನ ಕಳವಳ ಕಡಿಮೆಯಾಗಿತ್ತು, ಅವರಿಗೆ ನೋವೂ ಕಡಿಮೆ ಅನ್ನಿಸುತ್ತಿತ್ತು. ಮೊದಲೇ ಹೆಚ್ಚು ನೊಂದಿದ್ದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಇದರಿಂದ ನನಗೆ ತಿಳಿದಿರುವುದು ಇಷ್ಟು: ‘ನಗುನಗುತ್ತಾ ಇರಿ, ಕಾಯಿಲೆ ಓಡುತ್ತದೆ’ ಎಂದು ಟೀಚರಮ್ಮನವರಿಗೆ ಯಾರೂ ಹೇಳಬಾರದು, ಏಕೆಂದರೆ ಕಾಯಿಲೆ ಹೆಚ್ಚಾದರೆ ತಾನು ಸಾಕಷ್ಟು ನಗದಿದ್ದುದೇ ತಪ್ಪೆಂಬ ಭಾರ ಅವರ ಮೇಲೆ ಬೀಳುತ್ತದೆ. ಗೆಳತಿಯರ ಮಾತು ಅವರ ಇವತ್ತಿನ ದಿನವನ್ನು ಹಗುರ ಮಾಡಿದರೆ ಸಾಕು. ಅಂದ ಹಾಗೆ, ಆ ಗುಂಪುಗಳಲ್ಲಿ ಸಾವಿನ ಭಯವನ್ನೂ ಮುಕ್ತವಾಗಿ ಮಾತಾಡುತ್ತಿದ್ದರು. ಟೀಚರಮ್ಮನವರೇ ಆ ಮಾತೆತ್ತಿದರೆ ‘ಹಾಗೆಲ್ಲ ಹೇಳಬೇಡಿ’ ಎಂದು ಬಾಯಿ ಮುಚ್ಚಿಸಬೇಡಿ.

ಇನ್ನೊಂದು ಮಾತು. ಅವರು ಬರೆಯದಿರುವುದಕ್ಕೆ ದುಃಖವೇ ಕಾರಣವೆಂದು ತೀರ್ಮಾನಿಸಬೇಡಿ. ಪ್ಯಾಕ್ಲಿಟಾಕ್ಸೆಲ್ ಎಂಬ ಕಿಮೋ ಔಷಧಿ ತೆಗೆದುಕೊಂಡವರಲ್ಲಿ ಅನೇಕರಿಗೆ ಬೆರಳ ತುದಿ ಜೋಮು ಹಿಡಿದು ಮೊಬೈಲಿನ ಅಕ್ಷರ ಒತ್ತುವುದೇ ಕಷ್ಟ. ಬಲವಾದ ನೋವಿನ ಮಾತ್ರೆಗಳಿಂದ ಮಂಪರು ಬರುತ್ತದೆ. ಬರೆಯುವ ಬದಲು ಧ್ವನಿಯಲ್ಲಿ ಮಾತು ಕಳುಹಿಸಿ ನೋಡಿ. ಕಾಯಿಲೆ ಬೆನ್ನುಮೂಳೆಯಲ್ಲಿರುವುದರಿಂದ ಇದನ್ನೂ ಹೇಳಲೇಬೇಕು: ಬೆನ್ನುನೋವು ದಿಢೀರನೆ ಹೆಚ್ಚಾದರೆ, ಕಾಲು ಸೋತರೆ ಅಥವಾ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದಿನವೂ ಹರಟುವ ಗೆಳತಿಯರಿಗೆ ಇಂಥ ಬದಲಾವಣೆ ಮನೆಯವರಿಗಿಂತ ಮೊದಲೇ ತಿಳಿದುಬಿಡುವುದನ್ನು ನಾನು ಕಂಡಿದ್ದೇನೆ.

ಉತ್ತರ: ಧಾರವಾಡದಿಂದ

ಬೇರೆ ಅಭಿಪ್ರಾಯವೂ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಇಂಥದೇ ಒಂದು ಗುಂಪಿನಿಂದ ಹೊರಬಂದವಳು. ಗೆಳತಿಯರು ಒಳ್ಳೆಯವರೇ, ಆದರೆ ಆ ದಿನಗಳಲ್ಲಿ ಇತರರ ನಗು ನನಗೆ ಸಹಿಸಲಾಗುತ್ತಿರಲಿಲ್ಲ. ಹೋಗಬೇಡ ಎಂದು ಅವರು ದಿನವೂ ಫೋನ್ ಮಾಡಿದ್ದು ಇನ್ನೂ ಹಿಂಸೆಯಾಯಿತು. ಟೀಚರಮ್ಮನವರನ್ನು ಕೇಳಿ, ಬೇಡವೆಂದರೆ ಆ ಮಾತನ್ನು ಗೌರವಿಸಿ, ಬಾಗಿಲು ಮಾತ್ರ ತೆರೆದಿಡಿ. ಏಳು ತಿಂಗಳ ನಂತರ ನಾನಾಗಿಯೇ ಮರಳಿ ಹೋದೆ.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಮಗನ ಶಾಲೆಯ ಪ್ರಬಂಧವೊಂದನ್ನು ನಾನೇ ಗಟ್ಟಿಯಾಗಿ ಓದಿ, ಇದರಲ್ಲಿ ತಪ್ಪೆಲ್ಲಿದೆ ಎಂದು ಟೀಚರಮ್ಮನವರೊಬ್ಬರಿಗೇ ಧ್ವನಿಯಲ್ಲಿ ಕಳುಹಿಸಿದೆ. ಮೊದಲ ದಿನ ಉತ್ತರ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಹನ್ನೊಂದು ನಿಮಿಷದ ಉತ್ತರ ಬಂತು. ಅದರಲ್ಲಿ ಒಂಬತ್ತು ನಿಮಿಷ ಪ್ರಬಂಧದ್ದೇ ಮಾತು. ನರ್ಸ್ ಅವರು ಊಹಿಸಿದಂತೆ ಬೆರಳುಗಳ ಜೋಮಿನಿಂದ ಬರೆಯಲಾಗುತ್ತಿರಲಿಲ್ಲವಂತೆ. ಧ್ವನಿ ನಡುಗುತ್ತದೆಂದು ಮಾತಾಡಿ ಕಳುಹಿಸಲೂ ಸಂಕೋಚವಾಗಿತ್ತಂತೆ. ಬೆನ್ನಿನ ನೋವನ್ನು ಡಾಕ್ಟರಿಗೆ ಆಗಲೇ ಹೇಳಿದ್ದಾರೆ, ಐದು ದಿನಗಳ ರೇಡಿಯೇಷನ್ ಆರಂಭವಾಗಿದೆ.

ನಾಲ್ವರ ಗುಂಪಿನ ವಿಷಯವನ್ನು ನಾನೇ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೆ ಗೊತ್ತಾಗಿತ್ತು ಎಂದರು. ಆ ಗುಂಪನ್ನು ಅಂದೇ ಅಳಿಸಿದೆವು. ಹಳೆಯದರಲ್ಲಿ ‘ಇವತ್ತ ಬ್ಯಾಡ’ ನೇಮವನ್ನು ಗದಗದ ಅಕ್ಕನವರಿಂದ ಹಾಗೆಯೇ ಎರವಲು ಪಡೆದಿದ್ದೇವೆ, ಈಗಾಗಲೇ ಎರಡು ದಿನ ಟೀಚರಮ್ಮನವರೂ ಒಂದು ದಿನ ಹುಡುಗಿಯೂ ಅದನ್ನು ಬಳಸಿದ್ದಾರೆ. ‘ಶುಭಾಶಯ’ದಲ್ಲಿ ತಾಲವ್ಯ ‘ಶ’ ಬರಬೇಕೆಂಬ ತಿದ್ದುಪಡಿಯೂ ತಡವಾಗಿ ಬಂದು ಸೇರಿದೆ.

ಬರುವ ಭಾನುವಾರ ನಾಲ್ವರೂ ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದೇವೆ. ಮಲ್ಲಿಗೆಯ ವಾಸನೆಗೆ ಈಗ ಹೊಟ್ಟೆ ತೊಳಸುತ್ತದೆ, ಹೂವಿನಕ್ಕ ಕನಕಾಂಬರ ಮಾತ್ರ ಕಟ್ಟಿ ತರಲಿ ಎಂದು ಟೀಚರಮ್ಮ ಹೇಳಿ ಕಳುಹಿಸಿದ್ದಾರೆ. ಎಷ್ಟು ಮೊಳ ಬೇಕೆಂದು ಹೂವಿನಕ್ಕ ಕೇಳಿದ್ದಕ್ಕೆ, ಹುಡುಗಿಯ ಗಿಡ್ಡ ಕೂದಲಲ್ಲೂ ನಿಲ್ಲುವಷ್ಟು ಎಂದು ಉತ್ತರ ಬಂದಿದೆ.