ಗ್ಲೋರಿಯೋಸಮ್‌ಗೆ ಕೋಲು ಕಟ್ಟಬೇಕಾ? ತೆವಳುವ ಫಿಲೋಡೆಂಡ್ರಾನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ ಸರ್. ಫಿಲೋಡೆಂಡ್ರಾನ್ ಗ್ಲೋರಿಯೋಸಮ್ ಅನ್ನೋ ಅಲಂಕಾರದ ಎಲೆ ಗಿಡ ತಂದು ಎಂಟು ತಿಂಗಳಾಯ್ತು. 10 ಇಂಚಿನ ದುಂಡು ಕುಂಡ, ಕೆಂಪುಮಣ್ಣು, ಮಧ್ಯದಲ್ಲಿ ತೆಂಗಿನ ನಾರಿನ ಕೋಲಿಗೆ ಕಟ್ಟಿದೆ. ಮೂರರಲ್ಲಿ ಎರಡು ಎಲೆ ಹಳದಿಯಾಗಿವೆ. ಹೊಸ ಎಲೆ ಬಿಚ್ಚುವಾಗ ಅಂಚು ಹರಿದುಹೋಗುತ್ತೆ. ಕಾಂಡದ ಬುಡ ಮೆತ್ತಗಾಗಿದೆ. ದಿನಾ ಅರ್ಧ ಲೋಟ ನೀರು ಹಾಕ್ತೀನಿ. ಎಲ್ಲಿ ತಪ್ಪಾಗ್ತಿದೆ?

ಉತ್ತರ (ನರ್ಸರಿ ತಜ್ಞ): ಮೇಡಂ, ಮೊದಲು ಆ ಕೋಲು ತೆಗೀರಿ. ಮನಿ ಪ್ಲಾಂಟ್ ಮರ ಹತ್ತಿದಷ್ಟೂ ಎಲೆ ದೊಡ್ಡದು ಮಾಡುತ್ತೆ. ಇದು ಹಾಗಲ್ಲ. ಕೊಲಂಬಿಯಾದ ಕಾಡಿನಲ್ಲಿ ತರಗೆಲೆಯ ಮೇಲೆ ತೆವಳಿಕೊಂಡು ಹೋಗುವ ಗಿಡ ಇದು. ಎದುರಿಗೆ ಜಾಗ ಇರಬೇಕು, ಅಷ್ಟೇ.

ಬುಡ ಕೊಳೆಯೋದಕ್ಕೆ ಕಾರಣ ಎರಡು: ದಿನಾ ನೀರು ಮತ್ತು ಗಟ್ಟಿಯಾಗುವ ಕೆಂಪುಮಣ್ಣು. ಬೇರಿಗೆ ಗಾಳಿಯೇ ಸಿಗುತ್ತಿಲ್ಲ. ಗಿಡ ಕಿತ್ತು ಮಣ್ಣು ಉದುರಿಸಿ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು, ಮೆತ್ತಗಿರುವ ಕಾಂಡವನ್ನೂ ಕಂದು ಬೇರುಗಳನ್ನೂ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಕತ್ತರಿಸಿದ ಮುಖಕ್ಕೆ ಇದ್ದಿಲಿನ ಪುಡಿ ಹಚ್ಚಿ ಒಂದು ದಿನ ನೆರಳಲ್ಲಿ ಬಿಡಿ.

ಕುಂಡದ ಬದಲು ಉದ್ದನೆಯ ತೊಟ್ಟಿ ತನ್ನಿ: 24 ಇಂಚು ಉದ್ದ, 8 ಇಂಚು ಅಗಲ, 6 ಇಂಚು ಆಳ ಸಾಕು. ತಳದಲ್ಲಿ ಏಳೆಂಟು ತೂತು ಇರಲಿ. ಮಿಶ್ರಣಕ್ಕೆ ಅರ್ಧ ಇಂಚಿನ ತೆಂಗಿನ ಸಿಪ್ಪೆ ಚೂರು 4 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2, ಪರ್ಲೈಟ್ (ಗಾಳಿಯಾಡಲು ಬೆರೆಸುವ ಹಗುರವಾದ ಬಿಳಿ ಕಲ್ಲಿನ ಹರಳು) 2, ಇದ್ದಿಲು 1, ಎರೆಗೊಬ್ಬರ 1. ಸಿಪ್ಪೆ ಚೂರಲ್ಲಿ ಉಪ್ಪಿರುತ್ತೆ. ರಾತ್ರಿ ನೆನೆಹಾಕಿ, ಮೂರು ಸಲ ನೀರು ಬದಲಿಸಿ ತೊಳೆಯದೆ ಬಳಸಬೇಡಿ.

ನೆಡುವಾಗಲೇ ಹೆಚ್ಚಿನವರು ಎಡವೋದು. ಕಾಂಡದ ಹಿಂದಿನ ತುದಿ ತೊಟ್ಟಿಯ ಒಂದು ಕೊನೆಗೆ, ಬೆಳೆಯುವ ತುದಿ ಇನ್ನೊಂದು ಕೊನೆಯ ಕಡೆಗೆ ಇರಲಿ. ಬೇರಿರುವ ಮಗ್ಗುಲು ಕೆಳಗೆ. ಬೇರು ಮಾತ್ರ ಮಿಶ್ರಣದೊಳಗೆ ಹೋಗಬೇಕು, ಕಾಂಡದ ಮೇಲ್ಭಾಗ ಕಾಣುತ್ತಿರಬೇಕು. ಕಬ್ಬಿನ ತುಂಡಿನ ಹಾಗೆ ಮುಚ್ಚಿದರೆ ಮತ್ತೆ ಕೊಳೆಯುತ್ತೆ. ಕೋಲಿಗೆ ಕಟ್ಟಿದ್ದರಿಂದ ಕಾಂಡ ಸೊಟ್ಟಗಿದ್ದರೆ ಬಲವಂತವಾಗಿ ಬಗ್ಗಿಸಬೇಡಿ, ಪಟ್ ಅಂತ ಮುರಿಯುತ್ತೆ. ಬಾಗಿಸಿದ ತಂತಿಯಿಂದ ಎರಡು ಕಡೆ ಹಗುರಾಗಿ ಹಿಡಿಸಿ. ಹೊಸ ಬೆಳವಣಿಗೆ ತಾನೇ ನೆಲದ ಕಡೆ ಬರುತ್ತೆ.

ಎರಡು ದಿನ ಬಿಟ್ಟು ಮೊದಲ ನೀರು. ಆಮೇಲೆ ದಿನದ ಲೆಕ್ಕ ಬೇಡ, ಬೆರಳಿನ ಲೆಕ್ಕ: ಮೇಲಿನ ಒಂದು ಇಂಚು ಒಣಗಿದಾಗ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ.

ಎಲೆ ಹರಿಯೋದು ಒಣಹವೆಯಿಂದ. ಮೈಸೂರಿನಲ್ಲಿ ಮಾರ್ಚ್–ಏಪ್ರಿಲ್ ಬಂದರೆ ಇದೇ ಗೋಳು. ಸುರುಳಿಯನ್ನು ಕೈಯಿಂದ ಬಿಡಿಸಬೇಡಿ. ಜಲ್ಲಿ ಹಾಕಿದ ನೀರಿನ ತಟ್ಟೆಯ ಮೇಲೆ, ತಳ ನೀರಿಗೆ ತಾಗದ ಹಾಗೆ ತೊಟ್ಟಿ ಇಡಿ. ಹತ್ತಿರ ಬೇರೆ ಗಿಡಗಳನ್ನೂ ಸೇರಿಸಿ. ಪೂರ್ವದ ಕಿಟಕಿ ಒಳ್ಳೆಯದು, ಪಶ್ಚಿಮದ ಬಿಸಿಲು ಬಿದ್ದರೆ ಎಲೆ ಸುಡುತ್ತೆ. ಮಖಮಲ್ಲಿನಂಥ ಎಲೆಗೆ ಹೊಳಪಿನ ಎಣ್ಣೆ ಖಂಡಿತ ಬೇಡ. ಧೂಳು ಕೂತರೆ ಮೆತ್ತನೆಯ ಬ್ರಷ್ ಸಾಕು.

ಹಳದಿ ಎಲೆಗಳು ಮತ್ತೆ ಹಸಿರಾಗಲ್ಲ. ಪೂರ್ತಿ ಒಣಗುವವರೆಗೆ ಕೀಳಬೇಡಿ. ಹೊಸ ಬೇರು ಬರುವವರೆಗೆ ಗೊಬ್ಬರವೂ ಬೇಡ. ಆಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಅನ್ನು ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಮೂರು ವಾರಕ್ಕೊಮ್ಮೆ ಕೊಡಿ.

ಪ್ರಶ್ನೆ (ಮಂಡ್ಯ): ಅಣ್ಣಾ, ನಮ್ಮದು ಬೋರ್‌ವೆಲ್ ನೀರು. ಮಿಶ್ರಣದ ಮೇಲೆ ಬಿಳಿ ಪೊರೆ ಕಟ್ಟುತ್ತೆ, ಎಲೆ ತುದಿ ಒಣಗುತ್ತೆ. ಕಾಂಡ ಒಂದಡಿ ಆಗಿದೆ, ಏಳು ಎಲೆ ಇದೆ. ತುಂಡು ಮಾಡಿ ಬೆಳೆಸಬಹುದಾ?

ಉತ್ತರ: ಬಿಳಿ ಪೊರೆ ನೀರಿನ ಲವಣ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಪೊರೆ ಕೆರೆದು ತೆಗೆದು, ತಿಂಗಳಿಗೊಮ್ಮೆ ಸಿಹಿನೀರನ್ನು ತೊಟ್ಟಿಯ ಅಳತೆಯ ಎರಡರಷ್ಟು ನಿಧಾನವಾಗಿ ಹರಿಸಿ ತೊಳೆಯಿರಿ.

ತುಂಡು ಮಾಡಬಹುದು. ಬಿತ್ತನೆ ಕಬ್ಬು ನೋಡಿದವರಿಗೆ ಇದು ಸುಲಭ: ಇಲ್ಲೂ ಗೆಣ್ಣಿನಲ್ಲೇ ಚಿಗುರೊಡೆಯುವ ಕಣ್ಣು. ತುದಿಯ ಮೂರು ಎಲೆ ಬಿಟ್ಟು, ಹಿಂದಿನ ಕಾಂಡವನ್ನು ಎರಡೆರಡು ಗೆಣ್ಣಿನ ತುಂಡು ಮಾಡಿ. ಪ್ರತಿ ತುಂಡಿಗೂ ಬೇರು ಇದ್ದರೆ ಚೆಂದ. ಒಂದು ದಿನ ಆರಿಸಿ, ಹಿಂಡಿದ ಒದ್ದೆ ಮಾಸ್ (ನರ್ಸರಿಯಲ್ಲಿ ಸಿಗುವ ಒಣ ಪಾಚಿ) ಮೇಲೆ ಕಣ್ಣು ಮೇಲಕ್ಕಿರುವಂತೆ ಇಟ್ಟು ಪಾರದರ್ಶಕ ಡಬ್ಬ ಮುಚ್ಚಿ. ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದು ಗಾಳಿಯಾಡಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತೆ. ಚಿಗುರಲು ತಿಂಗಳೇ ಬೇಕಾಗಬಹುದು. ತುಂಡು ಗಟ್ಟಿಯಿರುವವರೆಗೆ ಕಾಯಿರಿ. ಚಳಿಗಾಲದಲ್ಲಿ ಕತ್ತರಿಸಬೇಡಿ.

ಪ್ರಶ್ನೆ (ಕುವೆಂಪುನಗರ): ತುಂಬಾ ಥ್ಯಾಂಕ್ಸ್ ಸರ್. ಮನೆಯಲ್ಲಿ ಎರಡು ವರ್ಷದ ಮಗು ಇದೆ, ತೊಟ್ಟಿ ನೆಲದ ಮೇಲೆ ಇಡಬಹುದಾ?

ಉತ್ತರ: ಬೇಡ ಮೇಡಂ, ಕೈಗೆ ಎಟುಕದ ಎತ್ತರದಲ್ಲಿಡಿ. ಇದು ಕೆಸುವಿನ ಬಳಗದ್ದೇ. ಹಸಿ ಕೆಸು ಬಾಯಿ ತುರಿಸುವ ಹಾಗೆ ಇದರ ಎಲೆ, ಕಾಂಡದಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕತ್ತರಿಸುವಾಗ ನೀವೂ ಕೈಗವಸು ಹಾಕಿಕೊಳ್ಳಿ. ಮಗು ಅಗಿದುಬಿಟ್ಟರೆ ಬಾಯಿ ಒರೆಸಿ ನೀರಿನಿಂದ ತೊಳೆಯಿರಿ. ನಾಲಿಗೆ, ತುಟಿ ಊದಿದರೆ ತಡಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.